120 ಖಡಕ್ ರೊಟ್ಟಿ, ಜರ್ಮನಿಯ ಮೊದಲ 38 ದಿನ

ಜರ್ಮನಿಗೆ ಓದೋಕೆ ಹೊರಟು, ಸೂಟ್‌ಕೇಸಿನಲ್ಲಿ ಐದೂವರೆ ಕಿಲೋ ರೊಟ್ಟಿ ತುಂಬುತ್ತಿದ್ದಾಗ ಮನೆಗೆ ಬಂದವರೆಲ್ಲ ನಕ್ಕರು. "ಅಲ್ಲಿ ತಿನ್ನಾಕ ಏನೂ ಸಿಗಂಗಿಲ್ಲೇನು? ಎಂಟು ದಿನಕ್ಕ ಬೂಷ್ಟು ಹಿಡೀತಾವ ನೋಡು ತಮ್ಮಾ" ಅಂದರು ಕಾಕಾ. ನಾನು ಹೋಗಬೇಕಿದ್ದ ಕೆಮ್ನಿಟ್ಸ್ ಊರಿನಲ್ಲಿದ್ದ ಸೀನಿಯರ್ ಫೋನ್ ಮಾಡಿ, "ರೊಟ್ಟಿ ಬಿಡು, ಆ ತೂಕಕ್ಕೆ ಕುಕ್ಕರ್ ತಗೊಂಡು ಬಾ" ಅಂದ. ಇಬ್ಬರ ಮಾತೂ ಕೇಳಲಿಲ್ಲ.

ಎಪಿಎಸ್ (ನಮ್ಮ ಸರ್ಟಿಫಿಕೇಟ್ ಅಸಲಿ ಹೌದೋ ಅಂತ ಜರ್ಮನಿಯವರು ನೋಡೋದು), ವೀಸಾ ಎಲ್ಲ ನಿಮಗೆ ಗೊತ್ತಿರೋದೇ, ಬಿಡ್ತೀನಿ. ನಾನು ಹೋದದ್ದು 2023ರಲ್ಲಿ. ಆಗ ಬ್ಲಾಕ್ಡ್ ಅಕೌಂಟಿಗೆ (ಒಂದು ವರ್ಷದ ಖರ್ಚು ಮೊದಲೇ ಕಟ್ಟಿಟ್ಟು, ತಿಂಗಳಿಗಿಷ್ಟು ಅಂತ ವಾಪಸ್ ಪಡೆಯೋ ಖಾತೆ) 11,208 ಯೂರೋ ಕಟ್ಟಬೇಕಿತ್ತು, ಹತ್ತಿರಹತ್ತಿರ 10 ಲಕ್ಷ ರೂಪಾಯಿ. ಹಿಂದಿನ ವರ್ಷ ಜೇವರ್ಗಿ ಕಡೆ ನಮ್ಮ ಹೊಲದ ತೊಗರಿ ನೆಟೆ ರೋಗಕ್ಕೆ ಹೋಗಿತ್ತು. ಹಾಗಾಗಿ ಅಷ್ಟೂ ಸಾಲ. ಅದರಲ್ಲಿ ತಿಂಗಳಿಗೆ 934 ಯೂರೋ ನನ್ನ ಕೈಗೆ ಬರಬೇಕು.

ಬರೋದು ಯಾವಾಗ ಅನ್ನೋದೇ ಪ್ರಶ್ನೆ. ದುಡ್ಡು ಬರೋಕೆ ಅಲ್ಲಿನ ಬ್ಯಾಂಕ್ ಖಾತೆ ಬೇಕು. ನಾನು ಹೋದ ಬ್ಯಾಂಕು ಆನ್ಮೆಲ್ಡುಂಗ್ ಚೀಟಿ, ಅಂದರೆ ಅಲ್ಲಿನ ವಿಳಾಸ ನೋಂದಾಯಿಸಿದ ಚೀಟಿ ಕೇಳಿತು. ಆ ಚೀಟಿಗೆ ಮನೆ ಮಾಲೀಕನ ಸಹಿ ಬೇಕು. ನಾನು ಎರಡು ವಾರಕ್ಕೆ ಹಿಡಿದಿದ್ದ ರೂಮಿನ ಮಾಲೀಕ ಸಹಿ ಹಾಕಲ್ಲ ಅಂದ. ಎತ್ತು ಗಾಣ ಸುತ್ತಿದ ಹಾಗೆ ಸುತ್ತಿದೆ. ಕೊನೆಗೆ ವಿದ್ಯಾರ್ಥಿ ಹಾಸ್ಟೆಲಿನಲ್ಲಿ ರೂಮು ಸಿಕ್ಕಿ, ಅವರ ಸಹಿ ಸಿಕ್ಕಿ, ಚೀಟಿ ಸಿಕ್ಕಿ, ಖಾತೆ ತೆರೆದು, ಮೊದಲ ದುಡ್ಡು ಬಿದ್ದದ್ದು 38ನೇ ದಿನ. ಆ ಚೀಟಿ ಮಾಡಿಸೋಕೆ ಅಪಾಯಿಂಟ್‌ಮೆಂಟ್ ಸಿಗದೆ ಒದ್ದಾಡುವಾಗ ಬೇಗ ಸಿಗೋ ಹಾಗೆ ಒಂದು ಉಪಾಯ ಮಾಡಿದ್ದೆ. ಅದನ್ನು ಇಲ್ಲಿ ಬರೆದರೆ ನಾಳೆ ಎಲ್ಲರೂ ಅದನ್ನೇ ಮಾಡ್ತೀರಿ, ಆಮೇಲೆ ಅದು ನಡೆಯಲ್ಲ. ಊರಿನ ಹುಡುಗರು ಫೋನ್ ಮಾಡಿದರೆ ಹೇಳ್ತೀನಿ.

ನಾನು ಒಯ್ದದ್ದು ಸುಮಾರು 900 ಯೂರೋ. ಎರಡು ವಾರದ ರೂಮು, ಆಮೇಲೆ ಹಾಸ್ಟೆಲ್ ಡೆಪಾಸಿಟ್, ಮೊದಲ ಬಾಡಿಗೆ ಎಲ್ಲ ಹೋಗಿ ಉಳಿದದ್ದು 90 ಚಿಲ್ಲರೆ. ಜೊತೆಗೆ ಬಂದ ಹುಡುಗರು ದಿನಾ ಡೋನರ್ (ಬ್ರೆಡ್ಡಿನಲ್ಲಿ ಮಾಂಸ ತುಂಬಿದ ಕಬಾಬ್) ತಿನ್ನುತ್ತಿದ್ದರು. ಒಂದಕ್ಕೆ 6-7 ಯೂರೋ. ಅವರು ಮೂರನೇ ವಾರಕ್ಕೆ ಮನೆಯಿಂದ ಮತ್ತೆ ದುಡ್ಡು ತರಿಸಿದರು. ನಾನು ತರಿಸಲಿಲ್ಲ. ಆ 38 ದಿನ ಊಟಕ್ಕೆ ನಾನು ಖರ್ಚು ಮಾಡಿದ್ದು 60 ಯೂರೋ ಇರಬಹುದು. ಈರುಳ್ಳಿ, ಟೊಮೆಟೊ, ಮೊಸರು, ಹಾಲು, ಅಷ್ಟೇ.

ಈಗ ರೊಟ್ಟಿ ವಿಷಯ. ಸುಮ್ನೆ ಕಟ್ಟಿಕೊಂಡು ಹೋದರೆ ಕಾಕಾ ಹೇಳಿದ್ದೇ ಆಗುತ್ತೆ. ಹೋಗುವ ಎರಡು ತಿಂಗಳು ಮುಂಚೆ ಮನೆಯಲ್ಲೇ ಪರೀಕ್ಷೆ ಮಾಡಿದೆ. ಮೊದಲ ಸಲ ಸ್ವಲ್ಪ ಬಿಸಿ ಇದ್ದಾಗಲೇ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿದೆ. ಆರನೇ ದಿನ ಹಸಿರು ಬೂಷ್ಟು. ಎರಡನೇ ಸಲ ಸ್ಟೀಲ್ ಡಬ್ಬಿ. ಬೂಷ್ಟು ಬರಲಿಲ್ಲ, ಆದರೆ ಡಬ್ಬಿ ಹಿಡಿದುಕೊಂಡು ಬಸ್ಸಿನಲ್ಲಿ ಸೇಡಂಗೆ ಹೋಗಿಬಂದೆ, ಅರ್ಧ ಪುಡಿ. ಮೂರನೇ ಸಲ ಅವ್ವ ಒಂದೊಂದು ರೊಟ್ಟಿಯನ್ನೂ ಬೇಯಿಸಿ, ಒಲೆ ಬಾಜೂಕ ನಿಲ್ಲಿಸಿ, ಮರುದಿನ ಬಿಸಿಲಿಗೂ ಇಟ್ಟಳು. ನಮ್ಮ ಕಲಬುರಗಿ ಬಿಸಿಲು ಇದಕ್ಕಾದರೂ ಉಪಯೋಗಕ್ಕೆ ಬಂತು. ಬೆರಳಿನಿಂದ ಬಡಿದರೆ ಟಣ್ ಅನ್ನಬೇಕು. ಥಪ್ ಅಂದರೆ ಇನ್ನೂ ಹಸಿ ಇದೆ ಅಂತ. ಆಮೇಲೆ ಹತ್ತತ್ತರ ಕಟ್ಟು. ಕಟ್ಟಿನ ನಡುನಡುವೆ ಏನು ಇಟ್ಟೆ ಅನ್ನೋದು ನಮ್ಮವ್ವನ ಗುಟ್ಟು, ಕೇಳಬೇಡಿ.

120ರಲ್ಲಿ 35ರಷ್ಟು ಮುರಿದವು. ಮುರಿದದ್ದೂ ನಷ್ಟವಲ್ಲ. ಮೊಸರಲ್ಲಿ ನೆನೆಸಿ, ಮೇಲೆ ಶೇಂಗಾ ಹಿಂಡಿ (ಚಟ್ನಿಪುಡಿ) ಉದುರಿಸಿದರೆ ರಾತ್ರಿ ಊಟ ಮುಗೀತು. ಅಗಸಿ ಹಿಂಡಿ ಒಂದು ಕಿಲೋ, ಶೇಂಗಾ ಹಿಂಡಿ ಒಂದು ಕಿಲೋ ಒಯ್ದಿದ್ದೆ. ತುಪ್ಪ, ಪೇಢೆ ಮಾತ್ರ ಕೊನೇ ಗಳಿಗೆಯಲ್ಲಿ ತೆಗೆಸಿದೆ. ಯುರೋಪಿಗೆ ಹಾಲಿನ ಪದಾರ್ಥ ಒಯ್ಯೋ ಹಾಗಿಲ್ಲ. ಅವ್ವ ಅತ್ತಳು, ರೊಟ್ಟಿಗಲ್ಲ, ತುಪ್ಪಕ್ಕೆ.

ನಾನು ಕೆಮ್ನಿಟ್ಸ್‌ನಲ್ಲಿ ಇಳಿದದ್ದು ಸೆಪ್ಟೆಂಬರ್ 30, ಶನಿವಾರ ರಾತ್ರಿ. ಮರುದಿನ ಭಾನುವಾರ, ಅಂಗಡಿ ಎಲ್ಲ ಬಂದ್. ಸೋಮವಾರ ಕಾಲೇಜು, ಬ್ಯಾಂಕು ಅಂತ ಅಲೆದು, ಅಂಗಡಿಗೆ ನಾಳೆ ಹೋದರಾಯ್ತು ಅಂದುಕೊಂಡೆ. ಮಂಗಳವಾರ ಅಕ್ಟೋಬರ್ 3, ಅವರ ರಾಷ್ಟ್ರೀಯ ದಿನ, ಮತ್ತೆ ಬಂದ್. ಮೂರು ದಿನ ರೊಟ್ಟಿ, ಹಿಂಡಿ, ನಲ್ಲಿ ನೀರು. ಬರೀ ಬಿಸ್ಕೀಟ್ ನಂಬಿ ಬಂದವರ ಗತಿ ನೋಡಬೇಕಿತ್ತು.

ಒಂದು ಲೆಕ್ಕ ಮಾತ್ರ ತಪ್ಪಿತು. ಅಲ್ಲಿನ ಮಳೆಗಾಳಿಗೆ ಹತ್ತನೇ ದಿನಕ್ಕೆ ರೊಟ್ಟಿ ಮೆತ್ತಗಾಯಿತು. ಹಲ್ಲಿಗೆ ರಬ್ಬರ್ ಥರ. ಎದೆ ಧಸಕ್ ಅಂತು, ಇನ್ನೂ 90 ಇದ್ದವು. ಮೈಕ್ರೋವೇವ್‌ನಲ್ಲಿ ಇಟ್ಟೆ, ಇನ್ನೂ ಕೆಟ್ಟಿತು. ಕೊನೆಗೆ ಕಿಟಕಿ ಕೆಳಗಿನ ಹೀಟರ್‌ಗೆ ಆರು ರೊಟ್ಟಿ ಒರಗಿಸಿ ನಿಲ್ಲಿಸಿದೆ, ಅವ್ವ ಒಲೆ ಬಾಜೂಕ ನಿಲ್ಲಿಸಿದ ಹಾಗೆ. ಕಾಲು ಗಂಟೆಯಲ್ಲಿ ಅಂಚು ಮೇಲೆದ್ದವು. ಬಡಿದು ನೋಡಿದೆ, ಟಣ್. ಪಕ್ಕದ ರೂಮಿನ ಗುಜರಾತಿ ಹುಡುಗ ಬಂದು, "ಇದು ಖಾಖ್ರಾ ಅಲ್ವಾ?" ಅಂದ. ಅಲ್ಲ ಅಂತ ಅರ್ಧ ರೊಟ್ಟಿ ಕೊಟ್ಟು ತಿಳಿಸಿ ಹೇಳಬೇಕಾಯಿತು. ಆಮೇಲೆ ಅವನು ದಿನಾ ಬರೋಕೆ ಶುರು ಮಾಡಿದ, ಅದೊಂದು ತಲೆನೋವು.

ಅಲ್ಲೇ ರೊಟ್ಟಿ ಬಡಿದರೇನು ಅಂತಾನೂ ನೋಡಿದೆ. ಲೈಪ್‌ಸಿಗ್ ನಗರಕ್ಕೆ ಹೋಗಿ ಜೋಳದ ಹಿಟ್ಟು ತಂದೆ, ಕಿಲೋಗೆ 3 ಯೂರೋ ಮೇಲೇ ಇತ್ತು. ಹಳೇ ಹಿಟ್ಟು, ಜಿಗಿ ಇಲ್ಲ. ಎಸರು ಕುದಿಸಿ ಹಾಕಿ ನಾದಿದೆ, ಆದರೂ ಅಂಚೆಲ್ಲ ಒಡೆಯಿತು. ಅದೂ ನಾನು ಬಡಿದದ್ದು ಭಾನುವಾರ. ಅಲ್ಲಿ ಭಾನುವಾರ ಸದ್ದು ಮಾಡೋ ಹಾಗಿಲ್ಲ. ನಾಲ್ಕನೇ ರೊಟ್ಟಿಗೆ ಕೆಳಗಿನ ಮನೆಯವರು ಬಂದು ಬಾಗಿಲು ಬಡಿದರು. ಐದನೆಯದಕ್ಕೆ ಹೊಗೆ ಅಲಾರಂ ಕೂಗಿತು. ಉಳಿದ ಹಿಟ್ಟಿನಲ್ಲಿ ಅಂಬಲಿ ಮಾಡಿ ಕುಡಿದೆ.

ನೀರಿನ ಬಾಟಲಿಯದ್ದೂ ಹೇಳಿಬಿಡ್ತೀನಿ. ಖಾಲಿ ಬಾಟಲಿ ವಾಪಸ್ ಕೊಟ್ಟರೆ 25 ಸೆಂಟ್ ಬರುತ್ತೆ ಅಂತ ಗೊತ್ತಿಲ್ಲದೆ ಹನ್ನೊಂದು ಬಾಟಲಿ ಕಸಕ್ಕೆ ಹಾಕಿದ್ದೆ. 2 ಯೂರೋ 75 ಸೆಂಟ್. ಐದು ಡಬ್ಬಿ ಮೊಸರು!

ಈಗ ಕಾಕಾ ತಮ್ಮ ಮೊಮ್ಮಗನಿಗೂ ಇದೇ ಥರ ಗಂಟು ಕಟ್ಟಿಸ್ತಿದ್ದಾರೆ, ನನಗೇ ಫೋನ್ ಮಾಡಿ ಎಷ್ಟು ರೊಟ್ಟಿ, ಎಷ್ಟು ಹಿಂಡಿ ಅಂತ ಕೇಳಿದರು. ಈ ಸಲ ಊರಿಗೆ ಹೋಗಿದ್ದಾಗ ನಾನು ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಇಪ್ಪತ್ತು ತಂದೆ, ಎಷ್ಟು ದಿನ ತಡೆಯುತ್ತೆ ನೋಡೋಣ ಅಂತ. ಹದಿನಾರನೇ ದಿನಕ್ಕೆ ಕಮಟು ವಾಸನೆ ಶುರುವಾಯಿತು. ಉಳಿದ ಏಳನ್ನು ಗುಜರಾತಿ ಹುಡುಗ ತಿಂದ, ಚೆನ್ನಾಗಿದೆ ಅಂದ.