ಬುಧವಾರದ ಫೋನು

ನಾನು ಮತ್ತು ನನ್ನ ಗೆಳೆಯ ಮುಂಬೈ ಫೋರ್ಟಿನ ಕನ್ನಡ ರಾತ್ರಿ ಶಾಲೆಯಲ್ಲಿ ಒಂದೇ ಬೆಂಚಿನವರು. ಹಗಲು ಹೋಟೆಲ್ ಕೆಲಸ, ಸಂಜೆ ಪುಸ್ತಕ. ಕೊಂಕಣ ರೈಲು ಪೂರ್ತಿ ಓಡತೊಡಗಿದ 1998ರಲ್ಲಿ ಅವನು ಕುಂದಾಪುರದ ಕಡೆ ತನ್ನ ಊರಿಗೆ ಹೊರಟುಹೋದ. ನಾನು ಮುಂಬೈ ಹತ್ತಿರದ ಡೊಂಬಿವಲಿಯಲ್ಲೇ ಉಳಿದೆ.

ಆಗ ರಾತ್ರಿ ದರ ಇಳಿಯುವ ತನಕ ಕಾದು, ಎಸ್‌ಟಿಡಿ ಬೂತಿನಿಂದ ಫೋನ್ ಮಾಡುತ್ತಿದ್ದೆ. ಮೀಟರ್ ನೋಡುತ್ತಾ ಮುಖ್ಯವಾದ್ದನ್ನೇ ಮಾತಾಡುತ್ತಿದ್ದೆವು. ವಾಟ್ಸಾಪ್ ಬಂದ ಮೇಲೆ ದಿನಾ ಬೆಳಿಗ್ಗೆ ಅವನಿಂದ ಹೂವಿನ ಚಿತ್ರ, ನನ್ನಿಂದ ಕೈ ಮುಗಿಯುವ ಗುರುತು. ಅಷ್ಟು ಸಾಕು ಅಂದುಕೊಂಡಿದ್ದೆ.

ಒಮ್ಮೆ ಮಾಟುಂಗಾದಲ್ಲಿ ಯಕ್ಷಗಾನ ನೋಡಲು ಹೋದಾಗ ಅವನ ಊರಿನವರೊಬ್ಬರು ಸಿಕ್ಕರು. "ಅವನ ಹೆಂಡತಿಗೆ ಆಪರೇಷನ್ ಆಗಿ ತಿಂಗಳಾಯ್ತು, ನಿಮಗೆ ಗೊತ್ತಿಲ್ವಾ?" ಅಂದರು. ಆ ತಿಂಗಳಿಡೀ ಹೂವು ಬಂದಿತ್ತು. ನಾನು ಕೈ ಮುಗಿದಿದ್ದೆ.

ಮರುದಿನ ಫೋನ್ ಮಾಡಿದೆ. "ನೀನು ಕೇಳಲಿಲ್ಲ, ನಾನು ಹೇಳಲಿಲ್ಲ ಮಾರಾಯ" ಅಂದ. ಅವನ ದನಿಯಲ್ಲಿ ಕೋಪ ಇರಲಿಲ್ಲ. ನನಗೆ ಅದೇ ಜಾಸ್ತಿ ನೋವಾಯಿತು.

ಅಂದಿನಿಂದ ಪ್ರತಿ ಬುಧವಾರ ರಾತ್ರಿ ಎಂಟೂವರೆಗೆ ಫೋನು. ಮೊದಲೆರಡು ವಾರ "ಊಟ ಆಯ್ತಾ" ಆದ ಮೇಲೆ ಮಾತೇ ಹೊರಡಲಿಲ್ಲ. ಆಮೇಲೆ ಅವನು ಹೇಳಿದ್ದನ್ನು ಡೈರಿಯಲ್ಲಿ ಬರೆದಿಡತೊಡಗಿದೆ. ಮುಂದಿನ ವಾರ "ಬಾವಿಯ ಪಂಪು ಸರಿಯಾಯ್ತಾ?" ಅಂತ ಶುರು ಮಾಡಿದರೆ ಅರ್ಧ ಗಂಟೆ ಹೋದದ್ದೇ ಗೊತ್ತಾಗುತ್ತಿರಲಿಲ್ಲ.

ಒಂದು ಬುಧವಾರ ಅವನು ಸಂಕೋಚದಿಂದ, "ಯುಪಿಐ ಹೇಳಿಕೊಡ್ತೀಯಾ?" ಅಂದ. ವಾಟ್ಸಾಪ್ ವಿಡಿಯೋ ಕಾಲಿನಲ್ಲಿ 2023ರಿಂದ ಸ್ಕ್ರೀನ್ ಹಂಚಿಕೊಳ್ಳಬಹುದು. ಅವನ ಫೋನಿನ ಪರದೆ ನನಗೆ ಇಲ್ಲಿಂದಲೇ ಕಾಣುತ್ತಿತ್ತು. ಪಿನ್ ಒತ್ತುವ ಹೊತ್ತಿಗೆ ಮಾತ್ರ ಹಂಚುವುದನ್ನು ನಿಲ್ಲಿಸಲು ಹೇಳುತ್ತಿದ್ದೆ. ಗೆಳೆಯನಾದರೂ ಅದನ್ನು ನಾನು ನೋಡಬಾರದು. ಗುರುತಿಲ್ಲದವರು ಕೇಳಿದರೆ ಸ್ಕ್ರೀನ್ ತೋರಿಸಲೇಬೇಡ ಅಂದೆ. ಹಣ ಬರುವುದಕ್ಕೆ ಪಿನ್ ಬೇಡ, ಕೊಡುವುದಕ್ಕೆ ಬೇಕು ಅನ್ನುವುದನ್ನು ಅವನಿಂದಲೇ ಮತ್ತೆ ಮತ್ತೆ ಹೇಳಿಸಿದೆ. ಮೋಸ ಹೋದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು ಅಂತ ಗೋಡೆಯ ಕ್ಯಾಲೆಂಡರಿನಲ್ಲಿ ಬರೆಸಿದೆ.

ನಾಲ್ಕು ವಾರ ಹಿಡಿಯಿತು. ಮೂರನೇ ವಾರ ನಾನು ರೇಗಿಬಿಟ್ಟೆ. "ಎಷ್ಟು ಸಲ ಹೇಳೋದು?" ಅಂದೆ. ಅವನು ಸುಮ್ಮನಾದ. ರಾತ್ರಿ ಶಾಲೆಯಲ್ಲಿ ನನಗೆ ಬೀಜಗಣಿತ ತಲೆಗೆ ಹತ್ತದಿದ್ದಾಗ, ಮುಚ್ಚಿದ ಹೋಟೆಲಿನ ಮೆಟ್ಟಿಲಲ್ಲಿ ಕೂತು ಮತ್ತೆ ಮತ್ತೆ ಹೇಳಿಕೊಟ್ಟವನು ಇವನೇ ಅಲ್ವಾ? ಕ್ಷಮಿಸು ಅಂದೆ. ಮೊದಲಿನಿಂದ ಶುರು ಮಾಡಿದೆವು.

ಕಳೆದ ಜುಲೈಯಲ್ಲಿ ಗಾಳಿಮಳೆಗೆ ಅವನ ಊರಲ್ಲಿ ಟವರ್ ಇರಲಿಲ್ಲ. ಎರಡು ಬುಧವಾರ ಫೋನು ಹತ್ತಲೇ ಇಲ್ಲ. ಮೂರನೇ ಬುಧವಾರ ಎಂಟೂವರೆಗೆ ಸರಿಯಾಗಿ ಅವನೇ ಫೋನ್ ಮಾಡಿದ. ಹಿಂದೆ ಬಸ್ಸುಗಳ ಸದ್ದು.

"ಕುಂದಾಪುರಕ್ಕೆ ಬಂದಿದ್ದೇನೆ ಮಾರಾಯ. ಕಡೇ ಬಸ್ಸಿಗೆ ಇನ್ನೂ ಇಪ್ಪತ್ತು ನಿಮಿಷ ಉಂಟು. ಹೇಳು."