ಫ್ಲೈಟ್ ಒಂಬತ್ತೂವರೆಗೆ, ಮನೆ ಬಿಡೋದು ಎಷ್ಟಕ್ಕೆ?

ಬೆಂಗಳೂರಿನಲ್ಲಿ ವಿಮಾನ ತಪ್ಪಿಸಿಕೊಂಡವರನ್ನು ಕೇಳಿ ನೋಡಿ, ಮೊದಲು ಬೈಗುಳ ತಿನ್ನುವುದು ನಿಲ್ದಾಣದ ದಾರಿಯಲ್ಲಿ ಗಾಡಿಗಳು ಸಿಕ್ಕಿಬೀಳುವ ಹೆಬ್ಬಾಳ. ಬೈಯಲಿ, ಅದಕ್ಕೆ ಸಲ್ಲಬೇಕಾದ್ದೇ. ಆದರೆ ಅರ್ಧ ತಪ್ಪು ನಮ್ಮ ಲೆಕ್ಕದ್ದು. ‘ಫ್ಲೈಟ್ ಒಂಬತ್ತೂವರೆಗೆ, ದಾರಿ ಒಂದೂವರೆ ಗಂಟೆ, ಏಳಕ್ಕೆ ಹೊರಟರೆ ಸಾಕು’ ಅಂದುಕೊಳ್ಳುತ್ತೇವೆ. ಒಂಬತ್ತೂವರೆಯಿಂದ ಹಿಂದಕ್ಕೆ ಎಣಿಸುತ್ತಾ ಬಂದರೆ ಉತ್ತರ ಬೇರೆಯೇ ಸಿಗುತ್ತದೆ.

ಸೋಮವಾರ ಬೆಳಿಗ್ಗೆ 9.30ರ ದೇಶೀಯ ವಿಮಾನ, ಮನೆ ಬನಶಂಕರಿಯಲ್ಲಿ ಅಂತಿಟ್ಟುಕೊಳ್ಳಿ. ಬೋರ್ಡಿಂಗ್ ಗೇಟ್ ಸಾಮಾನ್ಯವಾಗಿ 25 ನಿಮಿಷ ಮೊದಲೇ, ಅಂದರೆ 9.05ಕ್ಕೆ ಮುಚ್ಚುತ್ತದೆ. ಬ್ಯಾಗ್ ಒಪ್ಪಿಸುವ ಕೌಂಟರ್ ಒಂದು ಗಂಟೆ ಮೊದಲು, 8.30ಕ್ಕೇ ಬಂದ್. ಹಾಗಾಗಿ ದೊಡ್ಡ ಲಗೇಜ್ ಇದ್ದವರು ತಮ್ಮ ವಿಮಾನ ಎಂಟೂವರೆಗೇ ಎಂದು ತಿಳಿಯುವುದು ಒಳ್ಳೆಯದು. ಸಾಲಿನಲ್ಲಿ ನಿಲ್ಲಲು ಮುಕ್ಕಾಲು ಗಂಟೆ ಕಳೆಯಿರಿ: 7.45ಕ್ಕೆ ಟರ್ಮಿನಲ್ ಬಾಗಿಲಲ್ಲಿರಬೇಕು. ದಾರಿಗೆ ಒಂದೂವರೆ ಗಂಟೆ, ಅದರ ಮೇಲೆ ಅರ್ಧ ಗಂಟೆ ಹೆಬ್ಬಾಳದ ಕಂದಾಯ. ಮನೆ ಬಿಡುವುದು 5.45ಕ್ಕೆ. ಸೋಮವಾರದ ರಾಹುಕಾಲ ಏಳೂವರೆಗೆ ಶುರುವಾಗುವುದರಿಂದ ಅಜ್ಜಿಗೂ ಸಮಾಧಾನ. ವಿದೇಶಕ್ಕೆ ಹೊರಟವರು ವಿಮಾನದ ಸಮಯಕ್ಕಿಂತ ಮೂರು ಗಂಟೆ ಮೊದಲೇ ಟರ್ಮಿನಲ್‌ನಲ್ಲಿರುವಂತೆ ಇದೇ ಲೆಕ್ಕ ಹಾಕಲಿ.

ಇನ್ನು ದಾರಿ. 2008ರ ಮೇ ತಿಂಗಳಲ್ಲಿ ನಿಲ್ದಾಣ ಎಚ್‌ಎಎಲ್‌ನಿಂದ ದೇವನಹಳ್ಳಿ ಕಡೆಗೆ ಹೋಯಿತು. ಮೆಜೆಸ್ಟಿಕ್‌ನಿಂದ ಸುಮಾರು 35 ಕಿ.ಮೀ. ಈ ಪೂರ್ತಿ ದೂರಕ್ಕೆ ಹೆದರಬೇಕಿಲ್ಲ. ಹೆಬ್ಬಾಳ ದಾಟಿ ಮೇಲ್ಸೇತುವೆ ರಸ್ತೆ ಹತ್ತಿದರೆ ಗಾಡಿ ಓಡುತ್ತದೆ. ಅಂದಾಜಿಗೆ ಸಿಗದಿರುವುದು ನಿಮ್ಮ ಮನೆಯಿಂದ ಮೇಖ್ರಿ ವೃತ್ತ, ಅಲ್ಲಿಂದ ಹೆಬ್ಬಾಳ. ಆದ್ದರಿಂದ ಹಿಂದಿನ ವಾರ ಅದೇ ದಿನ, ಅದೇ ಹೊತ್ತಿಗೆ ಮೊಬೈಲ್ ಮ್ಯಾಪ್ ತೆರೆದು ಅಷ್ಟು ದೂರಕ್ಕೆ ಎಷ್ಟು ಹೊತ್ತು ತೋರಿಸುತ್ತದೆ ನೋಡಿಟ್ಟುಕೊಳ್ಳಿ. ವೈಟ್‌ಫೀಲ್ಡ್ ಕಡೆಯವರಿಗೆ ಬೂದಿಗೆರೆ ರಸ್ತೆಯಿದೆ, ಹೆಣ್ಣೂರಿನವರಿಗೆ ಬಾಗಲೂರು ದಾರಿಯಿದೆ. ಇಬ್ಬರೂ ಹೆಬ್ಬಾಳದ ಮುಖ ನೋಡಬೇಕಿಲ್ಲ. ಬೆಸ ವರ್ಷದ ಫೆಬ್ರುವರಿಯಾದರೆ ಮಾತ್ರ ಒಂದು ವಿಚಾರಿಸಿ: ಯಲಹಂಕದಲ್ಲಿ ಏರೋ ಇಂಡಿಯಾ ವೈಮಾನಿಕ ಪ್ರದರ್ಶನ ಇದ್ದರೆ ರಸ್ತೆಯೂ ಗಿಜಿಗುಡುತ್ತದೆ, ಕೆಲವು ಹೊತ್ತು ನಿಲ್ದಾಣದ ವಿಮಾನ ಸಂಚಾರವೂ ನಿಲ್ಲುತ್ತದೆ.

ನಸುಕಿನ ಆರರ ಫ್ಲೈಟ್‌ನದು ಬೇರೆಯೇ ಕಥೆ. ಮೂರು ಗಂಟೆಗೆ ರಸ್ತೆಯೆಲ್ಲ ಖಾಲಿ, ಬರಬೇಕಾದ ಗಾಡಿಯದೇ ಚಿಂತೆ. ರಾತ್ರಿಯೇ ಬುಕ್ ಮಾಡಿದ್ದ ಕ್ಯಾಬ್ ಒಮ್ಮೆ ನಮಗೆ ಹೊರಡುವ ಹೊತ್ತಿಗೆ ಸರಿಯಾಗಿ ಕೈಕೊಟ್ಟಿತು. ಪಕ್ಕದ ಮನೆಯವರನ್ನು ಎಬ್ಬಿಸಿ, ಪಾಪ, ಹಲ್ಲುಜ್ಜಲೂ ಬಿಡದೆ ಅವರ ಕಾರಿನಲ್ಲೇ ಹೋದೆವು. ಅಂದಿನಿಂದ ನಾನು ನೆಚ್ಚಿಕೊಂಡಿರುವುದು ಬಿಎಂಟಿಸಿಯ ವಾಯು ವಜ್ರ. ಮೆಜೆಸ್ಟಿಕ್‌ನಿಂದ ಕೆಐಎ–9, ಬನಶಂಕರಿಯಿಂದ ಕೆಐಎ–5, ಎಲೆಕ್ಟ್ರಾನಿಕ್ ಸಿಟಿಯಿಂದ ಕೆಐಎ–8. ಎಸಿ ಇದೆ, ಲಗೇಜ್ ಇಡಲು ಜಾಗವಿದೆ. ಕ್ಯಾಬ್‌ನಲ್ಲೇ ಹೋಗುವವರೂ ಹತ್ತಿರದ ಸ್ಟಾಪ್‌ಗೆ ಈ ಬಸ್ ಎಷ್ಟು ಹೊತ್ತಿಗೆ ಬರುತ್ತದೆಂದು ತಿಳಿದಿರಲಿ. ಮೈಸೂರಿನವರಿಗೆ ಕೆಎಸ್‌ಆರ್‌ಟಿಸಿ ಫ್ಲೈಬಸ್ ನೇರ ನಿಲ್ದಾಣಕ್ಕೇ ಬಿಡುತ್ತದೆ. ಮೆಜೆಸ್ಟಿಕ್‌ನಲ್ಲಿಳಿದು ಸೂಟ್‌ಕೇಸ್ ಎಳೆದಾಡುವ ಪಾಡಿಲ್ಲ. ನಿಲ್ದಾಣದ ಹತ್ತಿರ 2021ರಿಂದ ರೈಲು ನಿಲುಗಡೆಯೂ ಇದೆ. ರೈಲುಗಳು ಬೆರಳೆಣಿಕೆಯಷ್ಟು, ನಿಮ್ಮ ಹೊತ್ತಿಗೆ ಹೊಂದಿದರೆ ಅದೃಷ್ಟ.

ಹಿಂದಿನ ರಾತ್ರಿಯ ಕೆಲಸಗಳಲ್ಲಿ ಮೊದಲನೆಯದು ಟಿಕೆಟ್‌ನಲ್ಲಿ ಟಿ1 ಎಂದಿದೆಯೋ ಟಿ2 ಎಂದಿದೆಯೋ ನೋಡುವುದು. ವಿದೇಶದ ವಿಮಾನಗಳು 2023ರ ಸೆಪ್ಟೆಂಬರ್‌ನಲ್ಲಿ ಟಿ2ಗೆ ಹೋದವು, ದೇಶೀಯ ವಿಮಾನಗಳು ಎರಡೂ ಕಡೆ ಹಂಚಿಹೋಗಿವೆ. ತಪ್ಪು ಬಾಗಿಲಲ್ಲಿ ಇಳಿದರೆ ಶಟಲ್ ಬಸ್ ಉಂಟು, ಆದರೆ ಉಳಿಸಿಕೊಂಡ ಸಮಯವೆಲ್ಲ ಅಲ್ಲೇ ಸೋರಿಹೋಗುತ್ತದೆ. ವೆಬ್ ಚೆಕ್‌–ಇನ್ ಮುಗಿಸಿ, ಡಿಜಿಯಾತ್ರಾ ಆ್ಯಪ್ ಇದ್ದರೆ ಬೋರ್ಡಿಂಗ್ ಪಾಸನ್ನು ಅದಕ್ಕೆ ಸೇರಿಸಿ. ದೇಶೀಯ ಪ್ರಯಾಣಕ್ಕೆ ಮುಖ ತೋರಿಸಿ ಒಳಹೋಗುವ ಈ ಸಾಲು ಎಷ್ಟೋ ಸಲ ಚಿಕ್ಕದಿರುತ್ತದೆ. ಆದರೂ ಗುರುತಿನ ಚೀಟಿ ಜೇಬಿನಲ್ಲಿರಲಿ.

ಬ್ಯಾಗನ್ನು ಮನೆಯಲ್ಲೇ ತೂಗಿ: ದೇಶೀಯ ವಿಮಾನಗಳಲ್ಲಿ ಸಾಮಾನ್ಯವಾಗಿ ಕೈಚೀಲಕ್ಕೆ 7 ಕೆ.ಜಿ., ಒಪ್ಪಿಸುವ ಬ್ಯಾಗಿಗೆ 15. ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಬೇಕು, ದೊಡ್ಡ ಬ್ಯಾಗಿನಲ್ಲಿದ್ದರೆ ತೆಗೆಯಲು ನಿಮ್ಮನ್ನು ಹುಡುಕಿಸುತ್ತಾರೆ. ಅಮ್ಮ ಕಟ್ಟಿಕೊಟ್ಟ ಉಪ್ಪಿನಕಾಯಿ ಕೈಚೀಲಕ್ಕೆ ಬೇಡ. ಒಣಕೊಬ್ಬರಿಯನ್ನಂತೂ ಮನೆಯಲ್ಲೇ ಬಿಡಿ. ಎಣ್ಣೆಯಂಶ ಹೆಚ್ಚಿರುವ ಅದು ತಾನಾಗಿ ಕಾದು ಹೊತ್ತಿಕೊಳ್ಳಬಹುದೆಂದು ಅಪಾಯದ ವಸ್ತುಗಳ ಪಟ್ಟಿಯಲ್ಲಿದೆ.

ಡಿಸೆಂಬರ್, ಜನವರಿಯ ಬೆಳಗುಗಳಲ್ಲಿ ದೇವನಹಳ್ಳಿ ಸುತ್ತ ಮಂಜು ಕವಿಯುತ್ತದೆ. ‘ಒಂದು ಗಂಟೆ ತಡ’ ಎಂದು ಮೆಸೇಜ್ ಬಂದರೂ ಲೆಕ್ಕ ಹಾಕಿಟ್ಟ ಹೊತ್ತಿಗೇ ಹೊರಡಿ. ಮಂಜು ಬೇಗ ಕರಗಿದರೆ ವಿಮಾನದ ಸಮಯ ಮತ್ತೆ ಹಿಂದಕ್ಕೆ ಬರಬಹುದು, ನೀವಿನ್ನೂ ಮೇಖ್ರಿ ವೃತ್ತದಲ್ಲಿರುತ್ತೀರಿ. ಎರಡನೇ ಲೋಟ ಕಾಫಿಯನ್ನು ನಿಲ್ದಾಣದಲ್ಲೇ ಕುಡಿದರಾಯಿತು. ಬೆಲೆ ಕೇಳಿದರೆ ಮಾತ್ರ ಎದೆ ಧಸಕ್ಕೆನ್ನುತ್ತದೆ.