ಗಿರಿಯ ಮೇಲೆ ಸುಳ್ಳು ಹೇಳಿದ ದಿಕ್ಸೂಚಿ

ಬೆಟ್ಟಗಳ ಹುಟ್ಟನ್ನು ಅಧ್ಯಯನ ಮಾಡುತ್ತೇನೆ ಎಂದರೆ ಎಲ್ಲರ ಮೊದಲ ಪ್ರಶ್ನೆ, "ಹಾಗಾದರೆ ಹಿಮಾಲಯಕ್ಕೆ ಹೋಗಿದ್ದೀರಾ?" ಹೋಗಿದ್ದೇನೆ, ಎರಡು ಸಲ, ಪ್ರವಾಸಿಯಾಗಿ. ಕೆಲಸ ಮಾಡಿದ್ದು ಮಾತ್ರ ಚಿಕ್ಕಮಗಳೂರಿನ ಬಾಬಾಬುಡನ್ ಗಿರಿಸಾಲಿನಲ್ಲಿ. ನಕ್ಷೆಯಲ್ಲಿ ಅದೊಂದು ಕುದುರೆ ಲಾಳ. ನಡುವೆ ಜಾಗರ ಕಣಿವೆ, ಸುತ್ತ ಎತ್ತರದ ಏಣು. ಸರ್ವೆಯವರ ಹಳೆಯ ನಕ್ಷೆಗಳಲ್ಲಿ ಚಿಕ್ಕಮಗಳೂರು ಪಟ್ಟಣ 48 ಓ/15ನೇ ಹಾಳೆಯಲ್ಲಿದ್ದರೆ ಮುಳ್ಳಯ್ಯನಗಿರಿ ಪಕ್ಕದ 48 ಓ/11ರಲ್ಲಿದೆ. ಎರಡನ್ನೂ ಅಂಟಿಸಿಕೊಂಡು ಮಡಚಿ ಮಡಚಿ, ನನಗೆ ಅತ್ಯಂತ ಬೇಕಾಗಿದ್ದ ಜಾಗದಲ್ಲೇ ನಕ್ಷೆ ಹರಿದುಹೋಗಿತ್ತು.

ಊರಿನ ಬಯಲಿನಿಂದ ಗಿರಿಯ ತುದಿಗೆ ನಡೆದರೆ ಕಲ್ಲುಗಳು ವಯಸ್ಸಿನ ಸಾಲಿನಲ್ಲೇ ಎದುರಾಗುತ್ತವೆ, ಹಳೆಯದು ಕೆಳಗೆ, ಹೊಸದು ಮೇಲೆ. ತಳದಲ್ಲಿ ಮುನ್ನೂರು ಕೋಟಿ ವರ್ಷ ದಾಟಿದ ನೈಸ್ ಶಿಲೆ. ಅದರ ಮೇಲೆ ಕರ್ತಿಕೆರೆಯ ಬಳಿ ಬೆಣಚುಕಲ್ಲಿನ ಗುಂಡುಗಳು ಬೆಸೆದುಕೊಂಡ ತೆಳುವಾದ ಪದರ, ಯಾವುದೋ ಕಾಲದ ಹೊಳೆಯ ಹಾಸು. ಆಮೇಲೆ ಲಾವಾ, ಮರಳುಗಲ್ಲು ಗಟ್ಟಿಯಾದ ಬಿಳಿಕಲ್ಲು, ಮತ್ತೆ ಲಾವಾ. ತುದಿಯಲ್ಲಿ ಕಬ್ಬಿಣದ ಪಟ್ಟೆಶಿಲೆ. ಈ ಸ್ತರಗಳಿಗೆ ಇಟ್ಟ ಹೆಸರುಗಳೂ ನಮ್ಮವೇ: ಕಳಸಾಪುರ, ಅಲ್ಲಂಪುರ, ಸಂತವೇರಿ, ಮುಳ್ಳಯ್ಯನಗಿರಿ. ಬಸ್ಸಿನ ಫಲಕ ಓದಿದಂತೆ ಓದಬಹುದು.

ನನ್ನ ಮೊದಲ ಋತು 1990ರ ದಶಕದಲ್ಲಿ. ಮಳೆಗಾಲದಲ್ಲಿ ಉಂಬಳಗಳು ನಮ್ಮನ್ನು ಗಿರಿಯ ಮೇಲೆ ನಿಲ್ಲಗೊಡುವುದಿಲ್ಲ. ಕಾರ್ತಿಕದಿಂದ ಮಾಘದವರೆಗೆ ಮಾತ್ರ ಕೆಲಸ. ಕಾಫಿ ಕೊಯ್ಲೂ ಆಗಲೇ, ಹಾಗಾಗಿ ತೋಟದಲ್ಲಿ ಆಳುಗಳು ಸಿಗುವುದಿಲ್ಲ. ಅತ್ತ ಕುದುರೆಮುಖದಲ್ಲಿ ಗಣಿ ನಡೆಯುತ್ತಿದ್ದ ಕಾಲ; ಸುತ್ತಿಗೆ ಹಿಡಿದವನೆಲ್ಲ ಗಣಿ ಕಂಪನಿಯವನೇ ಎಂಬ ಅನುಮಾನ. ಒಬ್ಬ ತೋಟದ ಯಜಮಾನರು ಕಾಫಿ ಕೊಟ್ಟು, ಉಪಚರಿಸಿ, ಬೇಲಿಯಾಚೆಗೆ ಬಿಟ್ಟು ಬಂದರು. ತಪ್ಪೆಂದು ಹೇಳಲಾರೆ.

ಶಿಲಾಪದರ ಹರಡಿದ ದಿಕ್ಕು ಮತ್ತು ಅದು ವಾಲಿದ ಕೋನ, ಇವೆರಡನ್ನು ಅಳೆಯುವುದೇ ನಮ್ಮ ದಿನಗೂಲಿ. ಸಾವಿರ ಕಡೆ ಅಳೆದು ನಕ್ಷೆಗೆ ಇಳಿಸಿದರೆ, ನೆಲ ಹೇಗೆ ಮಡಿಚಿಕೊಂಡಿತು ಎಂಬುದು ನಿಧಾನವಾಗಿ ಮೂಡುತ್ತದೆ. ಮೊದಲ ಚಳಿಗಾಲದಲ್ಲಿ ಏಣಿನ ಮೇಲೆ ಮುನ್ನೂರಕ್ಕೂ ಹೆಚ್ಚು ಅಳತೆ ತೆಗೆದೆ. ಮನೆಗೆ ಬಂದು ನಕ್ಷೆಗೆ ಹಾಕಿದರೆ, ಹತ್ತು ಮಾರು ದೂರದ ಎರಡು ಪದರಗಳು ಜಗಳವಾಡಿದವರಂತೆ ಒಂದೊಂದು ದಿಕ್ಕಿಗೆ ಮುಖ ಮಾಡಿದ್ದವು. ನಾನು ಅದನ್ನು ಅಪರೂಪದ ಮಡಿಕೆ ಎಂದು ನಂಬಿದೆ. ಅದಕ್ಕೊಂದು ಸಿದ್ಧಾಂತವನ್ನೂ ಕಟ್ಟಿದೆ, ಹೇಳಿಕೊಳ್ಳಲು ಈಗ ನಾಚಿಕೆ.

ಮುಂದಿನ ವರ್ಷ ಜೊತೆಗೆ ಬಂದದ್ದು ತೋಟದ ಆಳುಗಳ ಲೈನ್ ಮನೆಯ ಹಿರಿಯರೊಬ್ಬರು. ದೀಪಾವಳಿಯಲ್ಲಿ ದೇವಿರಮ್ಮನ ಬೆಟ್ಟ ಹತ್ತುವುದನ್ನು ಒಂದು ವರ್ಷವೂ ತಪ್ಪಿಸದವರು. ನಾನು ದಿಕ್ಸೂಚಿ ನೋಡಿ ಅಂಕಿ ಹೇಳುತ್ತಿದ್ದೆ, ಅವರು ಬರೆದುಕೊಳ್ಳುತ್ತಿದ್ದರು. ಒಂದು ಬೆಳಿಗ್ಗೆ ಪುಸ್ತಕ ಮುಚ್ಚಿ ಕೇಳಿದರು: "ಸಾರ್, ಆಗ ಅಲ್ಲಿ ನಿಂತಾಗ ದೇವಿರಮ್ಮ ಒಂದು ಕಡೆ, ಈಗ ನಾಲ್ಕು ಹೆಜ್ಜೆ ಬಂದರೆ ಇನ್ನೊಂದು ಕಡೆ. ನಿಮ್ಮ ಡಬ್ಬಿ ಆ ತಾಯಿಯನ್ನು ಎಲ್ಲೆಲ್ಲಿಗೆ ಎತ್ತಿಕೊಂಡು ಹೋಗುತ್ತಿದೆ?"

ದಿಕ್ಸೂಚಿಯನ್ನು ಬಂಡೆಯಿಂದ ಎದೆಯ ಎತ್ತರಕ್ಕೆ ಎತ್ತಿದೆ. ಮುಳ್ಳು ಸುಮಾರು ನಲವತ್ತು ಡಿಗ್ರಿ ತಿರುಗಿತು.

ಆ ಕಲ್ಲನ್ನು ಒಡೆದು ನೋಡಿದವರಿಗೆ ಕಾರಣ ತಾನೇ ತಿಳಿಯುತ್ತದೆ. ಜಮಖಾನದ ಪಟ್ಟೆಗಳಂತೆ ಒಂದು ಗೆರೆ ಬೂದು ಬೆಣಚು, ಒಂದು ಗೆರೆ ಕಪ್ಪು ಮ್ಯಾಗ್ನೆಟೈಟ್. ಕೆಲವು ಗೆರೆಗಳು ಉಗುರಿನ ದಪ್ಪವೂ ಇಲ್ಲ. ಗಾಳಿಯಲ್ಲಿ ಆಮ್ಲಜನಕವೇ ಇಲ್ಲದಿದ್ದ ಕಾಲದ ಸಮುದ್ರದಲ್ಲಿ ಕರಗಿದ್ದ ಕಬ್ಬಿಣ, ಪದರಪದರವಾಗಿ ತಳಕ್ಕೆ ಕೂತದ್ದು. ಕೈಯಲ್ಲಿ ಹಿಡಿದರೆ ಗಾತ್ರಕ್ಕೆ ಮೀರಿದ ಭಾರ. ಅಯಸ್ಕಾಂತ ತಟ್ಟನೆ ಅಂಟುತ್ತದೆ. ಅಂಥ ಕಲ್ಲಿನ ಮೇಲೆ ದಿಕ್ಸೂಚಿಯನ್ನು ಮಲಗಿಸಿ ಉತ್ತರ ಕೇಳಿದ್ದೆ! ಪಠ್ಯದಲ್ಲಿ ಓದಿದ್ದೆ, ಪರೀಕ್ಷೆಯಲ್ಲಿ ಬರೆದಿದ್ದೆ ಕೂಡ. ಒಂದೇ ಸಮಾಧಾನ, ವಾಲಿದ ಕೋನಗಳು ಉಳಿದವು. ಅವನ್ನು ಅಳೆಯುವುದು ಭೂಮಿಯ ಸೆಳೆತದಿಂದ, ಅಯಸ್ಕಾಂತದಿಂದಲ್ಲ. ದಿಕ್ಕುಗಳನ್ನೆಲ್ಲ ಅಡ್ಡಗೆರೆ ಎಳೆದು ಹೊಡೆದುಹಾಕಿದೆ.

ಮತ್ತೆ ಎರಡು ಚಳಿಗಾಲ ಮುಳ್ಳನ್ನೇ ನಂಬದೆ ಕೆಲಸ ಮಾಡಿದೆ. ನಕ್ಷೆಯಲ್ಲಿ ಗುರುತಿರುವ ಜಾಗದಲ್ಲಿ ನಿಲ್ಲುವುದು, ದೇವಿರಮ್ಮನ ಶಿಖರಕ್ಕೆ ನೇರ ನೋಟ ಹಾಕುವುದು, ಆ ಗೆರೆಗೂ ಪದರಕ್ಕೂ ನಡುವಿನ ಕೋನವನ್ನು ಕೋನಮಾಪಕದಲ್ಲಿ ಅಳೆಯುವುದು. ಶಿಖರದ ದಿಕ್ಕು ನಕ್ಷೆಯಲ್ಲೇ ಇದೆ, ಕೂಡಿ ಕಳೆದರೆ ಮುಗಿಯಿತು. ಮಂಜು ಕವಿದರೆ ಬೀಡಿ ಹಚ್ಚಿ ಕಾಯುವುದು. ಬೀಡಿ ಹಿರಿಯರದು, ಕಾಯುವ ಕೆಲಸ ನನ್ನದು. ಹೊಸ ನಕ್ಷೆಯಲ್ಲಿ ಜಗಳಗಂಟ ಪದರಗಳೆಲ್ಲ ಸಾಲಾಗಿ ನಿಂತವು. ನನ್ನ ಅಪರೂಪದ ಮಡಿಕೆ ಮಾಯವಾಯಿತು.

"ಹಾಗಾದರೆ ಈ ಬೆಟ್ಟಕ್ಕೆ ವಯಸ್ಸೆಷ್ಟು?" ಎಂದು ಹಿರಿಯರು ಕೇಳಿದ್ದರು. ಕಲ್ಲಿನ ವಯಸ್ಸು ಸುಮಾರು 270ರಿಂದ 290 ಕೋಟಿ ವರ್ಷ. ಎತ್ತರದ ಲೆಕ್ಕ ಬೇರೆ. ಹಿಮಾಲಯ ಎದ್ದದ್ದು ಭಾರತ ಏಷ್ಯಾಕ್ಕೆ ಡಿಕ್ಕಿ ಹೊಡೆದು, ಸುಮಾರು 5 ಕೋಟಿ ವರ್ಷಗಳಿಂದ ಈಚೆಗೆ. ನಮ್ಮ ಘಟ್ಟದ ಅಂಚಿನ ಕಥೆ ತದ್ವಿರುದ್ಧ, ಅದು ಬೇರ್ಪಟ್ಟದ್ದರ ಫಲ. ಸುಮಾರು 8.8 ಕೋಟಿ ವರ್ಷಗಳ ಹಿಂದೆ ಮಡಗಾಸ್ಕರ್ ಕಳಚಿಕೊಂಡು ಹೋಯಿತು. ಮಲ್ಪೆಯ ಎದುರಿನ ಸೇಂಟ್ ಮೇರಿ ದ್ವೀಪದ ಕಂಬಗಲ್ಲುಗಳು ಆ ಕಾಲದವು. ಆಮೇಲೆ ಮಳೆ, ಹೊಳೆಗಳು ಮೆತ್ತನೆಯದನ್ನೆಲ್ಲ ಕೊರೆದು ಒಯ್ದವು. ಕಬ್ಬಿಣದ ಪಟ್ಟೆ ಸವೆಯಲು ಒಪ್ಪಲಿಲ್ಲ, ಏಣಾಗಿ ಉಳಿಯಿತು. ಇಷ್ಟನ್ನು ವಿವರಿಸಿದ ಮೇಲೆ ಅವರು, "ಅಂದರೆ ಬೆಟ್ಟ ಎದ್ದಿದ್ದಕ್ಕಿಂತ ಪಕ್ಕದ ನೆಲ ಕುಸಿದಿದ್ದೇ ಜಾಸ್ತಿ ಎನ್ನಿ" ಎಂದರು. ಪೂರ್ತಿ ಸರಿಯಲ್ಲ, ಘಟ್ಟದ ಅಂಚು ಒಂದಷ್ಟು ಎದ್ದದ್ದೂ ಹೌದು. ಆದರೆ ನನ್ನ ಹಳೆಯ ಸಿದ್ಧಾಂತಕ್ಕಿಂತ ಎಷ್ಟೋ ವಾಸಿ.

ಕಳೆದ ಡಿಸೆಂಬರ್‌ನಲ್ಲಿ ವಿದ್ಯಾರ್ಥಿಗಳನ್ನು ಅದೇ ಏಣಿಗೆ ಕರೆದುಕೊಂಡು ಹೋಗಿದ್ದೆ. ಒಬ್ಬ ಮೊಬೈಲನ್ನು ಬಂಡೆಯ ಮೇಲಿಟ್ಟು ಚುರುಕಾಗಿ ಅಂಕಿ ಬರೆಯುತ್ತಿದ್ದ. ಮೊಬೈಲಿನೊಳಗಿನ ದಿಕ್ಸೂಚಿಯೂ ಅಯಸ್ಕಾಂತದ್ದೇ. ಅದು ಉತ್ತರವೆಂದು ತೋರಿಸುತ್ತಿದ್ದ ಕಡೆ, ಆಗ್ನೇಯದಲ್ಲಿ ಇರಬೇಕಾದ ಚಿಕ್ಕಮಗಳೂರು ಪಟ್ಟಣ ಬಿಸಿಲಿಗೆ ಮಿನುಗುತ್ತಿತ್ತು. ನಾನು ಏನೂ ಹೇಳಲಿಲ್ಲ. "ದೇವಿರಮ್ಮನ ಬೆಟ್ಟ ಯಾವ ದಿಕ್ಕಿಗಿದೆ, ನೋಡಿ ಹೇಳಪ್ಪ" ಎಂದೆ.